ಗೋಲುರಕ್ಷಕ ಝಾಕ್ ಪ್ಲಾಂಟ್

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳೀ ನದಿಯ ದಡದಲ್ಲಿ, ಮಲ್ಲಾಪುರವೆಂಬ ಊರಿದೆ. ಅದರ ಸುತ್ತಲೂ ಸಹ್ಯಾದ್ರಿಯ ದಟ್ಟವಾದ ಕಾಡು ಹಬ್ಬಿಕೊಂಡಿದೆ. ಸಮೀಪದ ಕದ್ರಾ ಅಣೆಕಟ್ಟಿನಲ್ಲಿ ನದಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸುತ್ತಾರೆ. ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ದುಡಿಯುವ ಅನೇಕರ ಕುಟುಂಬಗಳು ಮಲ್ಲಾಪುರದಲ್ಲಿಯೇ ವಾಸವಾಗಿವೆ. ಇಂತಹ ಸ್ಥಾವರಗಳಲ್ಲಿ ಅಪಾಯದ ಸ್ಥಳಗಳಿಗೆ ಕೆಲಸಕ್ಕೆ ಹೋಗುವವರು ತಲೆಗೆ ಗಟ್ಟಿಯಾದ ಶಿರಸ್ತ್ರಾಣವನ್ನು ಧರಿಸುತ್ತಾರೆ. ಹಾಗೆ ಧರಿಸಿದವರನ್ನು ಹೇಡಿಗಳೆಂದು ಯಾರೂ ಹಳಿಯುವುದಿಲ್ಲ. ಧರಿಸದೆ ಹೋದವನನ್ನೇ ಅವಿವೇಕಿಯೆಂದು ಜನರು ತಿಳಿಯುತ್ತಾರೆ.

ಆದರೆ ಮೈಗೆ ರಕ್ಷಣೆ ಮಾಡಿಕೊಳ್ಳುವುದನ್ನು ಹೇಡಿತನವೆಂದು ಭಾವಿಸಿದ ಕಾಲವೂ ಒಂದಿತ್ತು. ಕೆನಡಾ ದೇಶದ ಐಸ್ ಹಾಕಿ ಕ್ರೀಡೆಯಲ್ಲಿ ಗೋಲುರಕ್ಷಕನು ಬರಿಯ ಮುಖದಿಂದಲೇ ನಿಂತು ಆಡಬೇಕೆಂಬುದು ಬಹುಕಾಲದ ವಾಡಿಕೆಯಾಗಿತ್ತು. ಮುಖದ ಮೇಲಿನ ಗಾಯದ ಗುರುತುಗಳೇ ಅವನ ಶೌರ್ಯದ ಪದಕಗಳೆಂದು ಜನರು ಎಣಿಸಿದ್ದರು. ಆ ವಾಡಿಕೆಯನ್ನು ಒಂದು ರಾತ್ರಿ ಒಬ್ಬ ಆಟಗಾರ ಮುರಿದನು. ಆತನೇ ಝಾಕ್ ಪ್ಲಾಂಟ್.

ನೀರು ಹೆಪ್ಪುಗಟ್ಟುವಷ್ಟು ಚಳಿಯನ್ನು ನಮ್ಮ ಕರಾವಳಿಯ ಜನರು ಕಂಡವರಲ್ಲ. ಕೆನಡಾದಲ್ಲಾದರೋ ಚಳಿಗಾಲ ಬಂತೆಂದರೆ ಕೆರೆಗಳೂ ಹೊಳೆಗಳೂ ಕಲ್ಲಿನಂತೆ ಗಟ್ಟಿಯಾಗುತ್ತವೆ. ಮಕ್ಕಳು ಅಡಿಯಲ್ಲಿ ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಕಟ್ಟಿಕೊಂಡು ಅವುಗಳ ಮೇಲೆ ಜಾರುತ್ತಾ ಆಡುತ್ತಾರೆ. ಈ ಪಾದರಕ್ಷೆಗಳಿಗೆ ಸ್ಕೇಟುಗಳೆಂದು ಹೆಸರು. ಆ ನಾಡಿನ ಚಳಿಯಿಂದಲೇ ಹುಟ್ಟಿ ಬೆಳೆದ ಆಟ ಐಸ್ ಹಾಕಿ.

ಈ ಆಟದಲ್ಲಿ ಪ್ರತಿ ತಂಡದಿಂದ ಆರು ಜನರು ಅಂಗಣದಲ್ಲಿರುತ್ತಾರೆ. ಅವರಲ್ಲಿ ಒಬ್ಬನು ಗೋಲುರಕ್ಷಕ. ಚೆಂಡಿನ ಬದಲು ಪಕ್ ಎಂಬ ಗಟ್ಟಿಯಾದ ರಬ್ಬರಿನ ಬಿಲ್ಲೆಯನ್ನು ಉಪಯೋಗಿಸುತ್ತಾರೆ. ಅದರ ಅಡ್ಡಳತೆ ಸುಮಾರು 7.6 ಸೆಂಟಿಮೀಟರ್, ದಪ್ಪ 2.5 ಸೆಂಟಿಮೀಟರ್, ತೂಕ ಸುಮಾರು 160 ಗ್ರಾಂ. ನುರಿತ ಆಟಗಾರನು ಕೋಲನ್ನು ಬೀಸಿ ಹೊಡೆದರೆ ಈ ಬಿಲ್ಲೆಯು ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಿಂದ ಹಾರಿ ಬರಬಲ್ಲದು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲಿನ ಮುಂದೆ ನಿಂತು ಅದನ್ನು ತಡೆಯುವುದೇ ಗೋಲುರಕ್ಷಕನ ಕೆಲಸ. ಕಾಲಿಗೆ ದಪ್ಪನೆಯ ಮೆತ್ತೆಗಳನ್ನೂ ಕೈಗೆ ಚರ್ಮದ ಚೀಲಗಳನ್ನೂ ಎದೆಗೆ ಕವಚವನ್ನೂ ಆತ ಧರಿಸುತ್ತಿದ್ದನು. ಮುಖಕ್ಕೆ ಮಾತ್ರ ಯಾವ ಮರೆಯೂ ಇರಲಿಲ್ಲ.

ಝಾಕ್ ಪ್ಲಾಂಟ್ ಹುಟ್ಟಿದುದು 1929ರ ಜನವರಿ 17ರಂದು, ಕೆನಡಾದ ಕ್ವಿಬೆಕ್ ಪ್ರಾಂತದ ಒಂದು ಹಳ್ಳಿಯಲ್ಲಿ. ಅಲ್ಲಿನ ಜನರ ಮನೆಮಾತು ಫ್ರೆಂಚ್. ತಂದೆ ಝೇವಿಯರ್, ತಾಯಿ ಪಾಲ್ಮಾ. ಅವರ ಹನ್ನೊಂದು ಮಕ್ಕಳಲ್ಲಿ ಝಾಕ್ ಹಿರಿಯವನು. ಕೆಲಕಾಲದಲ್ಲಿಯೇ ಕುಟುಂಬವು ಶಾವಿನಿಗನ್ ಫಾಲ್ಸ್ ಎಂಬ ಪಟ್ಟಣಕ್ಕೆ ಬಂದು ನೆಲೆಸಿತು. ಮಲ್ಲಾಪುರದ ನೆರೆಯ ಕದ್ರಾದಂತೆ ಅದೂ ನದಿಯ ನೀರಿನಿಂದ ವಿದ್ಯುತ್ತನ್ನು ಪಡೆದ ಸ್ಥಳ. ಸೇಂಟ್ ಮೊರಿಸ್ ನದಿಯ ಜಲಪಾತದ ಬಲದಿಂದ ಅಲ್ಲಿ ಅಲ್ಯೂಮಿನಿಯಮ್, ಕಾಗದ ಮೊದಲಾದ ಕಾರ್ಖಾನೆಗಳು ಬೆಳೆದಿದ್ದವು. ಝಾಕನ ತಂದೆಗೆ ಅಂತಹ ಒಂದು ಕಾರ್ಖಾನೆಯಲ್ಲಿ ಕೆಲಸ ದೊರೆಯಿತು. ಸಂಬಳ ಸ್ವಲ್ಪ, ಸಂಸಾರ ದೊಡ್ಡದು. ಹಿರಿಯ ಮಗನಾದ ಝಾಕ್ ಎಳೆತನದಲ್ಲಿಯೇ ಮನೆಗೆಲಸಗಳಿಗೆ ಕೈಜೋಡಿಸಬೇಕಾಯಿತು.

ಆಟದ ಸಾಮಗ್ರಿಗಳನ್ನು ಕೊಂಡು ತರುವ ಅನುಕೂಲ ಆ ಮನೆಯಲ್ಲಿರಲಿಲ್ಲ. ಆದರೆ ಮಗನ ಆಸೆಯನ್ನು ತಂದೆ ಕಡೆಗಣಿಸಲಿಲ್ಲ. ಮರದ ಬೇರೊಂದನ್ನು ಕೆತ್ತಿ ಮಗನಿಗೆ ಹಾಕಿ ಕೋಲನ್ನು ಮಾಡಿಕೊಟ್ಟರು. ಆಲೂಗಡ್ಡೆಯ ಗೋಣಿಚೀಲಗಳನ್ನು ತುಂಬಿ, ನಡುವೆ ಮರದ ಪಟ್ಟಿಗಳನ್ನಿಟ್ಟು, ಕಾಲಿನ ಮೆತ್ತೆಗಳನ್ನು ಸಿದ್ಧಪಡಿಸಿದರು. ಝಾಕನು ಮೊದಮೊದಲು ಸ್ಕೇಟುಗಳಿಲ್ಲದೆ, ಟೆನಿಸ್ ಚೆಂಡಿನಿಂದ ಆಡಿದನು. ಹೊರಗೆ ಕೊರೆಯುವ ಚಳಿ. ತಲೆಗೆ ಹಾಕಿಕೊಳ್ಳುವ ಉಣ್ಣೆಯ ಕುಲಾವಿಯನ್ನು ತಾನೇ ಹೆಣೆದುಕೊಳ್ಳುವುದನ್ನು ತಾಯಿ ಅವನಿಗೆ ಕಲಿಸಿದರು. ಆ ಹೆಣಿಗೆಯ ಹವ್ಯಾಸವನ್ನು ಆತ ದೊಡ್ಡ ಆಟಗಾರನಾದ ಮೇಲೂ ಬಿಡಲಿಲ್ಲ. ಗಂಡಸು ಹೆಣಿಗೆ ಹಾಕುವುದನ್ನು ಕಂಡು ಕೆಲವರು ನಗುತ್ತಿದ್ದರು. ಆ ನಗೆಯನ್ನು ಆತ ಲೆಕ್ಕಿಸಲಿಲ್ಲ.

ಬಾಲ್ಯದಿಂದಲೂ ಝಾಕನನ್ನು ಉಬ್ಬಸ ರೋಗ ಕಾಡುತ್ತಿತ್ತು. ಬಹಳ ಹೊತ್ತು ಸ್ಕೇಟುಗಳ ಮೇಲೆ ಓಡಾಡಿದರೆ ಉಸಿರು ಕಟ್ಟುತ್ತಿತ್ತು. ಅಂಗಣದ ತುಂಬ ಧಾವಿಸುವ ಆಟಗಾರನಾಗುವುದು ಅವನಿಗೆ ಸಾಧ್ಯವಿರಲಿಲ್ಲ. ಆದುದರಿಂದ ಒಂದೆಡೆ ನಿಂತು ಆಡುವ ಗೋಲುರಕ್ಷಕನ ಸ್ಥಾನವನ್ನು ಆತ ಆರಿಸಿಕೊಂಡನು. ಐದನೆಯ ವಯಸ್ಸಿನಲ್ಲಿ ಏಣಿಯಿಂದ ಬಿದ್ದು ಕೈ ಮುರಿದಿತ್ತು. ಮುರಿದ ಎಲುಬು ಸರಿಯಾಗಿ ಕೂಡದೆ ಹೋದುದರಿಂದ ಅನೇಕ ವರ್ಷಗಳವರೆಗೆ ಅದೂ ಒಂದು ತೊಡಕಾಗಿತ್ತು. ದೊಡ್ಡವನಾದ ಮೇಲೆ ಶಸ್ತ್ರಚಿಕಿತ್ಸೆಯಿಂದ ಅದು ಸರಿಹೋಯಿತು.

ಝಾಕನಿಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ದಿನ ಶಾಲೆಯ ತಂಡದ ಅಭ್ಯಾಸವನ್ನು ನೋಡುತ್ತಾ ನಿಂತಿದ್ದನು. ಗೋಲುರಕ್ಷಕನಿಗೂ ತರಬೇತುದಾರನಿಗೂ ವಾಗ್ವಾದವಾಗಿ ಗೋಲುರಕ್ಷಕನು ಅಂಗಣದಿಂದ ಹೊರಬೀಳಬೇಕಾಯಿತು. ಆ ಸ್ಥಾನದಲ್ಲಿ ತಾನು ನಿಲ್ಲಬಹುದೇ ಎಂದು ಝಾಕ್ ಮುಂದೆ ಬಂದು ಕೇಳಿದನು. ಬೇರೆ ಯಾರೂ ಇರಲಿಲ್ಲವಾಗಿ ತರಬೇತುದಾರನು ಒಪ್ಪಿದನು. ತನಗಿಂತ ಎಷ್ಟೋ ವರ್ಷ ಹಿರಿಯರಾದ ಹುಡುಗರ ಹೊಡೆತಗಳನ್ನು ಆ ಬಾಲಕ ತಡೆದು ನಿಲ್ಲಿಸಿದನು. ಅಂದಿನಿಂದ ಆ ತಂಡದ ಗೋಲು ಅವನದಾಯಿತು.

ಹದಿನಾಲ್ಕನೆಯ ವಯಸ್ಸಿಗೆ ಆತ ಐದು ಬೇರೆ ಬೇರೆ ತಂಡಗಳಿಗೆ ಆಡುತ್ತಿದ್ದನು. ಅವುಗಳಲ್ಲಿ ಊರಿನ ಕಾರ್ಖಾನೆಯ ತಂಡವೂ ಒಂದು. ಆ ತಂಡದ ಉಳಿದವರು ಕಾರ್ಖಾನೆಯ ನೌಕರರಾಗಿದ್ದುದರಿಂದ ಅವರಿಗೆ ಸಂಬಳವಿತ್ತು; ಝಾಕನಿಗೆ ಏನೂ ಇರಲಿಲ್ಲ. ತಂದೆಯಿಂದ ಈ ಸಂಗತಿಯನ್ನು ತಿಳಿದ ಹುಡುಗನು ತರಬೇತುದಾರನ ಬಳಿಗೆ ಹೋಗಿ ತನ್ನ ಆಟಕ್ಕೂ ಪ್ರತಿಫಲ ಬೇಕೆಂದು ಕೇಳಿದನು. ಪ್ರತಿ ಆಟಕ್ಕೆ ಐವತ್ತು ಸೆಂಟುಗಳಂತೆ, ಅಂದರೆ ಅರ್ಧ ಡಾಲರಿನಂತೆ, ಕೊಡಲು ಒಪ್ಪಿದರು. ಪ್ಲಾಂಟ್ ಅವರ ವೃತ್ತಿಜೀವನದ ಮೊದಲ ಗಳಿಕೆ ಅದೇ ಆಗಿತ್ತು. ಮೊತ್ತ ಚಿಕ್ಕದಾದರೂ ತನ್ನ ದುಡಿಮೆಗೆ ಬೆಲೆಯುಂಟೆಂಬ ಅರಿವು ಅದರಿಂದ ಮೂಡಿತು.

1947ರಲ್ಲಿ ಪ್ಲಾಂಟ್ ಒಳ್ಳೆಯ ಅಂಕಗಳೊಡನೆ ಪ್ರೌಢಶಾಲೆಯ ಶಿಕ್ಷಣವನ್ನು ಮುಗಿಸಿ, ಊರಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿ ಸೇರಿದರು. ಕೆಲವೇ ವಾರಗಳಲ್ಲಿ ಕ್ವಿಬೆಕ್ ನಗರದ ಸಿಟಡೆಲ್ಸ್ ಎಂಬ ತಂಡದಿಂದ ಕರೆ ಬಂತು. ವಾರಕ್ಕೆ 85 ಡಾಲರುಗಳ ಸಂಬಳ. ಗುಮಾಸ್ತಿಕೆಯನ್ನು ಬಿಟ್ಟು ಅವರು ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡರು.

ಆ ತಂಡದಲ್ಲಿ ಅವರ ಬುದ್ಧಿಯ ಸ್ವಾತಂತ್ರ್ಯ ಮೊದಲ ಬಾರಿಗೆ ಪ್ರಕಟವಾಯಿತು. ಗೋಲುರಕ್ಷಕನು ತನ್ನ ಸ್ಥಾನವನ್ನು ಬಿಟ್ಟು ಕದಲಬಾರದೆಂಬುದು ಅಂದಿನ ಪದ್ಧತಿ. ಆದರೆ ತಮ್ಮ ತಂಡದ ರಕ್ಷಣಾಪಂಕ್ತಿ ದುರ್ಬಲವಾಗಿರುವುದನ್ನು ಪ್ಲಾಂಟ್ ಗಮನಿಸಿದರು. ಗೋಲಿನ ಬಳಿ ಬಂದು ಬೀಳುವ ಬಿಲ್ಲೆಯನ್ನು ಎದುರಾಳಿ ತಲುಪುವ ಮೊದಲೇ ತಾವು ಮುಂದೆ ಹೋಗಿ ತಮ್ಮವರತ್ತ ತಳ್ಳಿದರೆ ಅಪಾಯ ಕಡಿಮೆಯಾಗುವುದಲ್ಲವೇ ಎಂದು ಯೋಚಿಸಿದರು. ಹಾಗೆಯೇ ಮಾಡತೊಡಗಿದರು. ಗೋಲಿನ ಹಿಂಭಾಗಕ್ಕೂ ಹೋಗಿ ಬಿಲ್ಲೆಯನ್ನು ನಿಲ್ಲಿಸಿಕೊಡುತ್ತಿದ್ದರು. ಪ್ರೇಕ್ಷಕರಿಗೆ ಇದು ಹೊಸ ಬಗೆಯ ಆನಂದವನ್ನು ನೀಡಿತು. ತಂಡದ ಮೇಲಧಿಕಾರಿಗಳಿಗೆ ಕೋಪ ಬಂತು. ಪ್ಲಾಂಟ್ ತಮ್ಮ ಪದ್ಧತಿಯನ್ನು ಬಿಡಲಿಲ್ಲ. ಮುಂದೆ ಅದು ಎಲ್ಲ ಗೋಲುರಕ್ಷಕರೂ ಕಲಿಯಬೇಕಾದ ವಿದ್ಯೆಯಾಯಿತು.

1949ರಲ್ಲಿ ಅವರು ಮಾಂಟ್ರಿಯಲ್ ನಗರಕ್ಕೆ ಬಂದರು. ಅಲ್ಲಿನ ಕೆನೇಡಿಯನ್ಸ್ ತಂಡವು 1909ರಲ್ಲಿ ಸ್ಥಾಪನೆಯಾದುದು. ಫ್ರೆಂಚ್ ಮಾತಾಡುವ ಕೆನಡಾದ ಜನರಿಗೆ ಅದು ಅಭಿಮಾನದ ಕುರುಹಾಗಿತ್ತು. ಪ್ಲಾಂಟ್ ಮೊದಲು ಅದರ ಅಧೀನದ ರಾಯಲ್ಸ್ ತಂಡದಲ್ಲಿ ಆಡಿ ತಮ್ಮ ಸರದಿಗಾಗಿ ಕಾದರು. ಆಗ ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗಿನಲ್ಲಿ ಇದ್ದುದು ಆರೇ ತಂಡಗಳು. ಪ್ರತಿ ತಂಡಕ್ಕೂ ಸಾಮಾನ್ಯವಾಗಿ ಒಬ್ಬನೇ ಗೋಲುರಕ್ಷಕ. ಹೀಗಾಗಿ ಆರು ಜನರಿಗೆ ಮಾತ್ರ ಎಡೆಯಿದ್ದ ಸ್ಥಾನಕ್ಕಾಗಿ ನೂರಾರು ಮಂದಿ ಕಾದಿರುತ್ತಿದ್ದರು.

ಆ ಕಾದಾಟದ ಫಲ 1953ರ ವಸಂತದಲ್ಲಿ ದೊರೆಯಿತು. ಸ್ಟಾನ್ಲಿ ಕಪ್ಪಿನ ಉಪಾಂತ್ಯ ಪಂದ್ಯಗಳಲ್ಲಿ ಕೆನೇಡಿಯನ್ಸ್ ತಂಡವು ಶಿಕಾಗೋ ತಂಡದೆದುರು ಎರಡಕ್ಕೆ ಮೂರು ಆಟಗಳಿಂದ ಹಿಂದೆ ಬಿದ್ದಿತ್ತು. ಇನ್ನೊಂದು ಆಟ ಸೋತರೆ ಆ ವರ್ಷದ ಕಥೆ ಮುಗಿಯುತ್ತಿತ್ತು. ಅಂತಹ ಸಂಕಟದ ಸಮಯದಲ್ಲಿ ತರಬೇತುದಾರ ಡಿಕ್ ಅರ್ವಿನ್ ಅನುಭವವಿಲ್ಲದ ಪ್ಲಾಂಟ್ ಅವರನ್ನು ಗೋಲಿನಲ್ಲಿ ನಿಲ್ಲಿಸಿದರು. ಪ್ಲಾಂಟ್ ಎದುರಾಳಿಗಳಿಗೆ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ತಂಡವು ಆ ಆಟವನ್ನೂ ಮುಂದಿನ ಆಟವನ್ನೂ ಗೆದ್ದು, ಕೊನೆಗೆ ಕಪ್ಪನ್ನೂ ಗೆದ್ದಿತು. 1954ರ ಶರತ್ಕಾಲದಿಂದ ಪ್ಲಾಂಟ್ ತಂಡದ ಖಾಯಂ ಗೋಲುರಕ್ಷಕರಾದರು.

ಆ ಕಾಲದ ಕೆನೇಡಿಯನ್ಸ್ ತಂಡದಲ್ಲಿ ಮೊರಿಸ್ ರಿಶಾರ್, ಝಾನ್ ಬೆಲಿವೊ, ಡಗ್ ಹಾರ್ವೆಯವರಂತಹ ಮಹಾ ಆಟಗಾರರಿದ್ದರು. 1956ರಿಂದ 1960ರವರೆಗೆ ಐದು ವರ್ಷಗಳ ಕಾಲ ಅವರು ಸ್ಟಾನ್ಲಿ ಕಪ್ಪನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಸತತವಾಗಿ ಐದು ಬಾರಿ ಆ ಕಪ್ಪನ್ನು ಗೆದ್ದ ತಂಡ ಇನ್ನೊಂದಿಲ್ಲ. ಅತಿ ಕಡಿಮೆ ಗೋಲುಗಳನ್ನು ಬಿಟ್ಟ ತಂಡದ ಗೋಲುರಕ್ಷಕನಿಗೆ ಸಲ್ಲುತ್ತಿದ್ದ ವೆಝಿನಾ ಪ್ರಶಸ್ತಿಯು ಆ ಐದು ವರ್ಷಗಳಲ್ಲಿಯೂ ಪ್ಲಾಂಟ್ ಅವರಿಗೇ ದೊರೆಯಿತು.

ಆದರೆ ಈ ಕೀರ್ತಿಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಹೊಡೆತಗಳ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಕೋಲನ್ನು ಮೇಲಕ್ಕೆತ್ತಿ ಬೀಸಿ ಹೊಡೆಯುವ ಹೊಸ ವಿಧಾನ ಬಳಕೆಗೆ ಬಂದಿತ್ತು. ಗೋಲಿನ ಮುಂದೆ ಆಟಗಾರರು ಗುಂಪುಗೂಡಿದಾಗ ಬಿಲ್ಲೆ ಎಲ್ಲಿಂದ ಹಾರಿಬರುವುದೆಂದು ಕಾಣುತ್ತಲೇ ಇರಲಿಲ್ಲ. ಅಭ್ಯಾಸದ ಆಟಗಳಲ್ಲಿ ತಮ್ಮ ತಂಡದವರೇ ಹೊಡೆದ ಬಿಲ್ಲೆಗಳು ತಗುಲಿ ಪ್ಲಾಂಟ್ ಅವರ ಕೆನ್ನೆಯ ಎಲುಬುಗಳು ಮುರಿದವು. ಮೂಗೂ ಮುರಿಯಿತು. ಮುಖಕ್ಕೆ ಮತ್ತೆ ಮತ್ತೆ ಹೊಲಿಗೆ ಹಾಕಬೇಕಾಯಿತು. ಗೋಲುರಕ್ಷಕನಿಗೆ ಗಾಯವಾದರೆ ಆಟವನ್ನು ನಿಲ್ಲಿಸಿ, ವೈದ್ಯರು ಗಾಯವನ್ನು ಹೊಲಿದು, ಮತ್ತೆ ಅವನನ್ನೇ ಅಂಗಣಕ್ಕೆ ಕಳುಹಿಸುವುದು ಆಗ ನಡೆದುಬಂದ ರೀತಿಯಾಗಿತ್ತು.

ಮುಖಕ್ಕೆ ಮರೆ ಮಾಡಿಕೊಳ್ಳುವ ಯೋಚನೆ ಪ್ಲಾಂಟ್ ಅವರಿಗೇ ಮೊದಲು ಹೊಳೆದುದಲ್ಲ. 1930ರಲ್ಲಿ ಮಾಂಟ್ರಿಯಲ್ ಮರೂನ್ಸ್ ತಂಡದ ಕ್ಲಿಂಟ್ ಬೆನೆಡಿಕ್ಟ್ ಎಂಬವರು ಮೂಗು ಮುರಿದಾಗ ಚರ್ಮದ ಮುಖವಾಡವೊಂದನ್ನು ಕೆಲವು ಆಟಗಳಲ್ಲಿ ಧರಿಸಿದ್ದರು. ಅದು ಕಣ್ಣಿಗೆ ಅಡ್ಡಿಯಾಯಿತೆಂದು ಅದನ್ನು ತ್ಯಜಿಸಿದರು. ಅಲ್ಲಿಂದ ಸುಮಾರು ಮೂವತ್ತು ವರ್ಷಗಳವರೆಗೆ ಲೀಗಿನ ಆಟದಲ್ಲಿ ಆ ಪ್ರಯತ್ನವನ್ನು ಯಾರೂ ಮುಂದುವರಿಸಿರಲಿಲ್ಲ.

ಪ್ಲಾಂಟ್ ಅವರಿಗೆ ಮೂಗಿನ ಪಕ್ಕದ ಎಲುಬಿನ ಕುಳಿಗಳಲ್ಲಿ ಬೇನೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಅದರಿಂದ ಗುಣಹೊಂದಿ ಬಂದ ಮೇಲೆ ಅವರು ಅಭ್ಯಾಸದ ವೇಳೆಯಲ್ಲಿ ಮುಖಕವಚವನ್ನು ಧರಿಸಲು ಪ್ರಾರಂಭಿಸಿದರು. ತರಬೇತುದಾರ ಟೋ ಬ್ಲೇಕ್ ಅಭ್ಯಾಸಕ್ಕೆ ಮಾತ್ರ ಅದನ್ನು ಒಪ್ಪಿದರು. ಪಂದ್ಯದಲ್ಲಿ ಧರಿಸಲು ಅನುಮತಿ ಕೊಡಲಿಲ್ಲ. ಬ್ಲೇಕ್ ಕೆಟ್ಟ ಮನುಷ್ಯರಲ್ಲ. ತಾವೇ ಹಿಂದೆ ಅದೇ ತಂಡದಲ್ಲಿ ಆಡಿ ಹೆಸರು ಪಡೆದವರು. ಮುಖಕವಚದಿಂದ ಕಾಲಬಳಿಯ ಬಿಲ್ಲೆ ಕಾಣದೆ ಹೋಗಬಹುದು ಎಂಬುದು ಅವರ ಒಂದು ಶಂಕೆ. ಅಪಾಯದ ಅರಿವು ತಪ್ಪಿದರೆ ಗೋಲುರಕ್ಷಕನ ಎಚ್ಚರವೂ ತಪ್ಪಬಹುದು ಎಂಬುದು ಇನ್ನೊಂದು. ಆ ಕಾಲದ ಬಹುಮಂದಿ ತರಬೇತುದಾರರ ಅಭಿಪ್ರಾಯವೂ ಇದೇ ಆಗಿತ್ತು.

ಅಷ್ಟರಲ್ಲಿ ಬಿಲ್ ಬರ್ಚ್‌ಮೋರ್ ಎಂಬವರು ಪ್ಲಾಂಟ್ ಅವರ ನೆರವಿಗೆ ಬಂದರು. ಅವರು ಗಾಜಿನೆಳೆಯ ವಸ್ತುಗಳನ್ನು ತಯಾರಿಸುವ ಮಾಂಟ್ರಿಯಲ್ಲಿನ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದರು. ಗಾಜಿನ ನವಿರಾದ ಎಳೆಗಳನ್ನು ಅಂಟಿನಂತಹ ರಾಳದೊಡನೆ ಪದರಪದರವಾಗಿ ಸೇರಿಸಿದರೆ ಅದು ಹಗುರವೂ ಅತ್ಯಂತ ಗಟ್ಟಿಯೂ ಆದ ಹಾಳೆಯಾಗುತ್ತದೆ. ದೋಣಿಗಳನ್ನೂ ಆ ವಸ್ತುವಿನಿಂದ ಕಟ್ಟುತ್ತಾರೆ. ಅದರಿಂದಲೇ ಮುಖಕ್ಕೆ ಅಂಟಿಕೊಂಡಂತೆ ಕೂಡುವ ಕವಚವನ್ನು ಮಾಡಬಹುದೆಂದು ಬರ್ಚ್‌ಮೋರ್ ಸೂಚಿಸಿದರು. ಪ್ಲಾಂಟ್ ಅವರ ಮುಖದ ಅಚ್ಚನ್ನು ಸುಣ್ಣಗಾರೆಯಂತಹ ಪ್ಲಾಸ್ಟರಿನಲ್ಲಿ ತೆಗೆದು, ಅದರ ಮೇಲೆ ಪದರಗಳನ್ನು ಹಾಕಿ ಕವಚವನ್ನು ರೂಪಿಸಿದರು. ಕಣ್ಣುಗಳಿಗೂ ಬಾಯಿಗೂ ರಂಧ್ರಗಳನ್ನು ಬಿಟ್ಟರು. ನೋಡುವವರಿಗೆ ಅದು ಭೀತಿ ಹುಟ್ಟಿಸುವಂತಿತ್ತು. ಆದರೆ ಧರಿಸಿದವನ ದೃಷ್ಟಿಗೆ ಹಳೆಯ ಚರ್ಮದ ಮುಖವಾಡದಷ್ಟು ಅಡ್ಡಿ ಅದರಿಂದಿರಲಿಲ್ಲ.

1959ರ ನವೆಂಬರ್ 1ರ ರಾತ್ರಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಕೆನೇಡಿಯನ್ಸ್ ತಂಡಕ್ಕೂ ರೇಂಜರ್ಸ್ ತಂಡಕ್ಕೂ ಪಂದ್ಯವಿತ್ತು. ಆಟ ಪ್ರಾರಂಭವಾಗಿ ಕೆಲವೇ ನಿಮಿಷಗಳಾಗಿದ್ದವು. ರೇಂಜರ್ಸ್ ತಂಡದ ಆ್ಯಂಡಿ ಬಾತ್‌ಗೇಟ್ ಹೊಡೆದ ಬಿಲ್ಲೆಯು ನೇರವಾಗಿ ಬಂದು ಪ್ಲಾಂಟ್ ಅವರ ಮುಖಕ್ಕೆ ಅಪ್ಪಳಿಸಿತು. ಮೂಗಿನ ಬಳಿ ಆಳವಾದ ಗಾಯವಾಗಿ ಬಿಳಿಯ ಮಂಜುಗಡ್ಡೆಯ ಮೇಲೆ ರಕ್ತ ಚೆಲ್ಲಿತು. ಅವರನ್ನು ಒಳಗೆ ಕರೆದೊಯ್ದು ವೈದ್ಯರು ಏಳು ಹೊಲಿಗೆಗಳನ್ನು ಹಾಕಿದರು.

ಆಟ ನಿಂತಿತ್ತು. ಪ್ರೇಕ್ಷಕರು ಕಾಯುತ್ತಿದ್ದರು. ಮಾಂಟ್ರಿಯಲ್ ತಂಡದೊಡನೆ ಬೇರೆ ಗೋಲುರಕ್ಷಕ ಇರಲಿಲ್ಲ. ಪ್ಲಾಂಟ್ ಮತ್ತೆ ಅಂಗಣಕ್ಕೆ ಬರಬೇಕೆಂದು ಬ್ಲೇಕ್ ಬಯಸಿದರು. ಬರಲು ತಾವು ಸಿದ್ಧರಿರುವುದಾಗಿಯೂ ಆದರೆ ಮುಖಕವಚವಿಲ್ಲದೆ ಬರುವುದಿಲ್ಲವೆಂದೂ ಪ್ಲಾಂಟ್ ಖಂಡಿತವಾಗಿ ತಿಳಿಸಿದರು. ನೋವಿಗೆ ಅಂಜಿ ಆಡಿದ ಮಾತು ಅದಲ್ಲ. ನೋವಿಗೆ ಅಂಜುವವನಾಗಿದ್ದರೆ ಹಸಿಯ ಗಾಯದೊಡನೆ ಆಡಲು ಒಪ್ಪುತ್ತಲೇ ಇರಲಿಲ್ಲ. ಅನೇಕ ವರ್ಷಗಳ ಅನುಭವದಿಂದಲೂ ಅಭ್ಯಾಸದ ಪರೀಕ್ಷೆಯಿಂದಲೂ ದೃಢಪಟ್ಟ ನಿರ್ಧಾರ ಅದಾಗಿತ್ತು. ಬ್ಲೇಕ್ ಅವರಿಗೆ ಬೇರೆ ದಾರಿಯಿರಲಿಲ್ಲ. ಗಾಯ ಮಾಯುವವರೆಗೆ ಮಾತ್ರ ಎಂಬ ಷರತ್ತಿನ ಮೇಲೆ ಅವರು ಒಪ್ಪಿಗೆ ಕೊಟ್ಟರು.

ಪ್ಲಾಂಟ್ ಮುಖಕವಚವನ್ನು ಧರಿಸಿ ಅಂಗಣಕ್ಕೆ ಮರಳಿದಾಗ ಪ್ರೇಕ್ಷಕರು ಬೆರಗಾಗಿ ನೋಡಿದರು. ಆಟ ಮುಂದುವರಿಯಿತು. ಎದುರಾಳಿಗಳಿಗೆ ದೊರೆತುದು ಒಂದೇ ಗೋಲು. ಕೆನೇಡಿಯನ್ಸ್ ತಂಡವು 3–1ರಿಂದ ಗೆದ್ದಿತು.

ಗಾಯ ಮಾಯಿತು. ಆದರೆ ಪ್ಲಾಂಟ್ ಕವಚವನ್ನು ಕೆಳಗಿಡಲಿಲ್ಲ. ಕೆಲವು ಪತ್ರಿಕೆಗಳು ಅವರ ಧೈರ್ಯವನ್ನು ಸಂದೇಹಿಸಿದವು. ಇತರ ತಂಡಗಳವರೂ ಹಾಸ್ಯ ಮಾಡಿದರು. ಪ್ಲಾಂಟ್ ವಾದಕ್ಕೆ ಇಳಿಯದೆ ಆಟದಿಂದಲೇ ಉತ್ತರವಿತ್ತರು. ತಂಡವು ಸತತವಾಗಿ 18 ಆಟಗಳವರೆಗೆ ಸೋಲನ್ನು ಕಾಣಲಿಲ್ಲ. ಬ್ಲೇಕ್ ಅವರ ಆಕ್ಷೇಪಣೆಯ ದನಿ ಮೆಲ್ಲಮೆಲ್ಲನೆ ತಗ್ಗಿತು. 1960ರ ಮಾರ್ಚ್ 8ರಂದು ಅವರ ಕೋರಿಕೆಯನ್ನು ಮನ್ನಿಸಿ ಪ್ಲಾಂಟ್ ಡೆಟ್ರಾಯಿಟ್ ತಂಡದೆದುರು ಒಂದು ಬಾರಿ ಬರಿಯ ಮುಖದಿಂದ ಆಡಿದರು. ಅಂದು ತಂಡವು 3–0ರಿಂದ ಸೋತಿತು. ಮುಂದಿನ ಆಟಕ್ಕೆ ಮುಖಕವಚ ಮರಳಿತು. ಅದರ ವಿಷಯವಾಗಿ ಮತ್ತೆ ತಕರಾರು ಹುಟ್ಟಲಿಲ್ಲ. ಆ ವಸಂತದಲ್ಲಿ ತಂಡವು ಐದನೆಯ ಬಾರಿಗೆ ಸ್ಟಾನ್ಲಿ ಕಪ್ಪನ್ನು ಎತ್ತಿಹಿಡಿಯಿತು.

ಒಬ್ಬರು ತೋರಿದ ದಾರಿಯಲ್ಲಿ ಇತರರು ನಿಧಾನವಾಗಿ ಬಂದರು. ಅದೇ ಋತುವಿನಲ್ಲಿ ಬಾಸ್ಟನ್ ತಂಡದ ಡಾನ್ ಸಿಮ್ಮನ್ಸ್ ಮುಖಕವಚವನ್ನು ಧರಿಸಿದರು. 1962ರಲ್ಲಿ ಡೆಟ್ರಾಯಿಟ್ ತಂಡದ ಹೆಸರಾಂತ ಗೋಲುರಕ್ಷಕ ಟೆರಿ ಸಾಚಕ್ ಅದನ್ನು ಸ್ವೀಕರಿಸಿದರು. ಹಟ ಹಿಡಿದು ಬರಿಯ ಮುಖದಿಂದಲೇ ಆಡಿದವರೂ ಕೆಲವರಿದ್ದರು. ರಾಷ್ಟ್ರೀಯ ಹಾಕಿ ಲೀಗಿನಲ್ಲಿ ಹಾಗೆ ಆಡಿದ ಕೊನೆಯ ಗೋಲುರಕ್ಷಕ ಆ್ಯಂಡಿ ಬ್ರೌನ್, ಅದು 1974ರಲ್ಲಿ. ಅಲ್ಲಿಗೆ ಹಳೆಯ ವಾಡಿಕೆ ಕೊನೆಗೊಂಡಿತು.

ಪ್ಲಾಂಟ್ ಅವರ ಮುಂದಿನ ಹಾದಿ ಸುಗಮವಾಗಿರಲಿಲ್ಲ. ಮೊಣಕಾಲಿನ ನೋವಿನಿಂದ 1960–61ರ ಋತುವಿನಲ್ಲಿ ಅವರ ಆಟ ಕುಂದಿತು. ಕೆಲಕಾಲ ಅವರನ್ನು ಕೆಳದರ್ಜೆಯ ತಂಡಕ್ಕೆ ಕಳುಹಿಸಲಾಯಿತು. ಅವರ ಕಾಲ ಮುಗಿಯಿತೆಂದು ಜನರಾಡಿಕೊಂಡರು. ಶಸ್ತ್ರಚಿಕಿತ್ಸೆಯ ಬಳಿಕ ಮರುವರ್ಷ ಅವರು ಋತುವಿನ 70 ಆಟಗಳನ್ನೂ ಆಡಿ, ಆರನೆಯ ಬಾರಿಗೆ ವೆಝಿನಾ ಪ್ರಶಸ್ತಿಯನ್ನೂ, ಇಡೀ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರನಿಗೆ ಕೊಡುವ ಹಾರ್ಟ್ ಪ್ರಶಸ್ತಿಯನ್ನೂ ಪಡೆದರು. ಆಮೇಲೆ ಗೋಲುರಕ್ಷಕನೊಬ್ಬನಿಗೆ ಹಾರ್ಟ್ ಪ್ರಶಸ್ತಿ ದೊರೆತುದು 35 ವರ್ಷಗಳ ನಂತರ, 1997ರಲ್ಲಿ.

ವೃತ್ತಿಯ ಆಟದಲ್ಲಿ ಕೀರ್ತಿಗೆ ಆಯುಷ್ಯ ಕಡಿಮೆ. 1963ರಲ್ಲಿ ಕೆನೇಡಿಯನ್ಸ್ ತಂಡವು ಪ್ಲಾಂಟ್ ಅವರನ್ನು ನ್ಯೂಯಾರ್ಕಿನ ರೇಂಜರ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಯಾವ ಅಂಗಣದಲ್ಲಿ ಅವರ ರಕ್ತ ಚೆಲ್ಲಿತ್ತೋ ಅದೇ ಅಂಗಣ ಅವರ ಮನೆಯಾಯಿತು. 1965ರಲ್ಲಿ ಆಟದಿಂದ ನಿವೃತ್ತರಾಗಿ ವ್ಯಾಪಾರ ಸಂಸ್ಥೆಯೊಂದರಲ್ಲಿ ಮಾರಾಟದ ಪ್ರತಿನಿಧಿಯಾಗಿ ಸೇರಿದರು. ಅದೇ ವರ್ಷದ ಕೊನೆಗೆ ಸೋವಿಯತ್ ದೇಶದ ರಾಷ್ಟ್ರೀಯ ತಂಡ ಮಾಂಟ್ರಿಯಲ್ಲಿಗೆ ಬಂತು. ಅದರೆದುರು ಆಡಬೇಕಾಗಿದ್ದ ಕಿರಿಯರ ತಂಡಕ್ಕೆ ಅನುಭವಿ ಗೋಲುರಕ್ಷಕರೊಬ್ಬರು ಬೇಕಾಗಿದ್ದರು. ತರಬೇತುದಾರ ಸ್ಕಾಟಿ ಬೋಮನ್ ಪ್ಲಾಂಟ್ ಅವರನ್ನು ಕರೆದರು. ಹುಡುಗರ ನಡುವೆ ನಿಂತು ಆಡಿದ ಪ್ಲಾಂಟ್ ಆ ಬಲಿಷ್ಠ ತಂಡಕ್ಕೆ ಒಂದೇ ಗೋಲನ್ನು ಬಿಟ್ಟುಕೊಟ್ಟರು. ಕಿರಿಯರ ತಂಡವು 2–1ರಿಂದ ಗೆದ್ದಿತು.

1968ರಲ್ಲಿ ಬೋಮನ್ ಅವರೇ ಪ್ಲಾಂಟ್ ಅವರನ್ನು ಮತ್ತೆ ಕರೆದು ಸೇಂಟ್ ಲೂಯಿ ಬ್ಲೂಸ್ ತಂಡಕ್ಕೆ ಸೇರಿಸಿಕೊಂಡರು. ಪ್ಲಾಂಟ್ ಆಗ ನಲವತ್ತರ ಅಂಚಿನಲ್ಲಿದ್ದರು. ತಂಡದ ಇನ್ನೊಬ್ಬ ಗೋಲುರಕ್ಷಕ ಗ್ಲೆನ್ ಹಾಲ್ ಅವರೊಡನೆ ಹೊಣೆಯನ್ನು ಹಂಚಿಕೊಂಡು ಆಡಿದರು. 1969ರಲ್ಲಿ ಇಬ್ಬರಿಗೂ ಸೇರಿ ವೆಝಿನಾ ಪ್ರಶಸ್ತಿ ಬಂದಿತು. ಪ್ಲಾಂಟ್ ಅವರಿಗೆ ಅದು ಏಳನೆಯದು.

1970ರ ಮೇ 3ರಂದು ಸ್ಟಾನ್ಲಿ ಕಪ್ಪಿನ ಅಂತಿಮ ಸರಣಿಯ ಮೊದಲ ಆಟದಲ್ಲಿ ಬಾಸ್ಟನ್ ತಂಡದವರು ಹೊಡೆದ ಬಿಲ್ಲೆಯೊಂದು ನಡುವೆ ಕೋಲಿಗೆ ತಗುಲಿ ದಿಕ್ಕು ಬದಲಿಸಿ ಬಂದು ಪ್ಲಾಂಟ್ ಅವರ ಹಣೆಗೆ ಬಡಿಯಿತು. ಮುಖಕವಚವು ಬಿರಿಯಿತು. ಪ್ಲಾಂಟ್ ಪ್ರಜ್ಞೆ ತಪ್ಪಿ ಬಿದ್ದರು. ಅವರನ್ನು ಆಸ್ಪತ್ರೆಗೆ ಸೇರಿಸಲಾಯಿತು. ಕವಚವಿಲ್ಲದಿದ್ದರೆ ತಾವು ಬದುಕುತ್ತಿರಲಿಲ್ಲವೆಂದು ಚೇತರಿಸಿಕೊಂಡ ಬಳಿಕ ಅವರು ಹೇಳಿಕೊಂಡರು. ಹನ್ನೊಂದು ವರ್ಷಗಳ ಹಿಂದೆ ಹೇಡಿತನದ ಗುರುತೆಂದು ಕೆಲವರು ಹಳಿದಿದ್ದ ವಸ್ತು ಅಂದು ಒಂದು ಜೀವವನ್ನು ಉಳಿಸಿತು.

ಅಂತಹ ಪೆಟ್ಟನ್ನು ತಿಂದ ಮೇಲೂ ಅವರು ಆಟವನ್ನು ಬಿಡಲಿಲ್ಲ. 1970–71ರಲ್ಲಿ ಟೊರಾಂಟೊ ತಂಡಕ್ಕೆ ಆಡಿ, ಆಟವೊಂದಕ್ಕೆ ಸರಾಸರಿ 1.88 ಗೋಲುಗಳನ್ನು ಮಾತ್ರ ಬಿಟ್ಟು, ಇಡೀ ಲೀಗಿನಲ್ಲಿ ಮೊದಲಿಗರಾದರು. ಆಗ ಅವರಿಗೆ ನಲವತ್ತೆರಡು ವರ್ಷ. ತಮ್ಮ ವಿದ್ಯೆಯನ್ನು ಅವರು ಮುಚ್ಚಿಟ್ಟುಕೊಳ್ಳಲಿಲ್ಲ. ಬರ್ನಿ ಪೆರಾಂ ಎಂಬ ತರುಣ ಗೋಲುರಕ್ಷಕರಿಗೆ ನಿಲ್ಲುವ ಬಗೆ, ಎದುರಾಳಿಯನ್ನು ಅಳೆಯುವ ಬಗೆಗಳನ್ನು ಕಲಿಸಿದರು. ಆ ಶಿಷ್ಯರು ಮುಂದೆ 1974 ಮತ್ತು 1975ರಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಸ್ಟಾನ್ಲಿ ಕಪ್ಪನ್ನು ದೊರಕಿಸಿಕೊಟ್ಟರು. ಪ್ಲಾಂಟ್ ಗೋಲುರಕ್ಷಣೆಯ ಕಲೆಯನ್ನು ಕುರಿತು ಪುಸ್ತಕವನ್ನೂ ಬರೆದರು. ಮುಖಕವಚಗಳನ್ನು ತಯಾರಿಸುವ ಉದ್ಯಮವನ್ನೂ ನಡೆಸಿದರು.

ಬಾಸ್ಟನ್ ಮತ್ತು ಎಡ್ಮಂಟನ್ ತಂಡಗಳಿಗೂ ಆಡಿ, 1975ರಲ್ಲಿ ಅವರು ಶಾಶ್ವತವಾಗಿ ಅಂಗಣದಿಂದ ಹೊರಬಂದರು. ರಾಷ್ಟ್ರೀಯ ಹಾಕಿ ಲೀಗಿನ ಋತುಗಳಲ್ಲಿ ಅವರು 437 ಗೆಲುವುಗಳನ್ನು ಪಡೆದಿದ್ದರು. 82 ಆಟಗಳಲ್ಲಿ ಎದುರಾಳಿಗಳಿಗೆ ಒಂದು ಗೋಲನ್ನೂ ಬಿಟ್ಟಿರಲಿಲ್ಲ. 1978ರಲ್ಲಿ ಹಾಕಿಯ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. ಕೊನೆಯ ವರ್ಷಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆದ ಅವರು 1986ರ ಫೆಬ್ರವರಿ 27ರಂದು ಜಿನೀವಾದಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ನಿಧನರಾದರು. 1995ರಲ್ಲಿ ಕೆನೇಡಿಯನ್ಸ್ ತಂಡವು ಅವರು ಧರಿಸುತ್ತಿದ್ದ 1ನೆಯ ಸಂಖ್ಯೆಯ ಅಂಗಿಯನ್ನು ಮತ್ತಾರಿಗೂ ಕೊಡದಿರಲು ನಿಶ್ಚಯಿಸಿತು. ಅವರು ಬೆಳೆದ ಶಾವಿನಿಗನ್ ಪಟ್ಟಣದ ಕ್ರೀಡಾಂಗಣಕ್ಕೂ ಅವರ ಹೆಸರನ್ನಿಟ್ಟರು.

ಪ್ಲಾಂಟ್ ಅವರು ಪಡೆದ ಕಪ್ಪುಗಳೂ ಪ್ರಶಸ್ತಿಗಳೂ ಅನೇಕ. ಮುಂದೆ ಬಂದ ಆಟಗಾರರು ಅವರ ಕೆಲವು ದಾಖಲೆಗಳನ್ನು ಮೀರಿದ್ದಾರೆ. ಕ್ರೀಡೆಯಲ್ಲಿ ಅದು ಸಹಜ. ಆದರೆ ಅವರು ಹಾಕಿಕೊಟ್ಟ ಒಂದು ಪದ್ಧತಿ ಅಳಿದಿಲ್ಲ. ಇಂದು ಯಾವ ದೇಶದಲ್ಲಿಯೇ ಆಗಲಿ, ಐಸ್ ಹಾಕಿಯ ಗೋಲಿನಲ್ಲಿ ನಿಲ್ಲುವ ಎಳೆಯ ಬಾಲಕನೂ ಬಾಲಕಿಯೂ ಮುಖಕ್ಕೆ ಕವಚವನ್ನು ಧರಿಸಿಯೇ ನಿಲ್ಲುತ್ತಾರೆ. ಅದಕ್ಕಾಗಿ ಅವರನ್ನು ಯಾರೂ ನಗುವುದಿಲ್ಲ. ತಮ್ಮ ಕಣ್ಣನ್ನೂ ಹಲ್ಲನ್ನೂ ಕಾಯುವ ಆ ಕವಚಕ್ಕಾಗಿ ಒಬ್ಬನು ಒಂದು ರಾತ್ರಿ, ಮುಖದಲ್ಲಿ ಏಳು ಹೊಲಿಗೆಗಳನ್ನು ಹೊತ್ತು, ತನ್ನ ಮಾತಿಗೆ ಗಟ್ಟಿಯಾಗಿ ನಿಂತನೆಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಾರದು. ಗಾಯಗೊಳ್ಳುವುದೇ ಶೌರ್ಯವಲ್ಲ, ಸರಿಯೆಂದು ಕಂಡುದನ್ನು ನಗೆಗೆ ಅಂಜದೆ ಮಾಡಿ, ತನ್ನ ಕರ್ತವ್ಯವನ್ನೂ ಬಿಡದೆ ನಡೆಸುವುದು ಶೌರ್ಯ. ಉಬ್ಬಸದಿಂದ ಬಳಲುತ್ತಿದ್ದ, ಮರದ ಬೇರಿನ ಕೋಲನ್ನು ಹಿಡಿದು ಆಡಲು ಕಲಿತ ಆ ಬಡವರ ಮಗನ ಬಾಳು ಇದಕ್ಕೆ ಸಾಕ್ಷಿಯಾಗಿದೆ.